ಪಾರ್ಕಿನ್ಸನ್ ಕಾಯಿಲೆ: ಆಮ್ಲಜನಕದ ತಕರಾರು, ವಿಷದ ಪಾಲು

ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮೈಯೊಳಗೆ ಹೋದ ರೋಗಿಯನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಒಂದು ವಿಷಯದಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಉಸಿರಾಟ ಕಷ್ಟವಾಗಿದ್ದರೂ ಕೂಡಲೇ ಆಮ್ಲಜನಕ ಕೊಡುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ತೀರಾ ಇಳಿದ ಮೇಲೆ, ಅದೂ ಬೇಕಾದಷ್ಟೇ ಕೊಡುತ್ತಾರೆ. ಬೇರೆ ರೋಗಿಗಳಿಗೆ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಇಲ್ಲಿ ಹಿಂದೆ ಬೀಳುತ್ತದೆ. ಕಾರಣ ಇಷ್ಟೇ: ಈ ವಿಷ ಕೆಲಸ ಮಾಡುವುದೇ ಆಮ್ಲಜನಕದ ಮೂಲಕ. ಪ್ಯಾರಾಕ್ವಾಟ್ ಜೀವಕೋಶದಿಂದ ಒಂದು ಇಲೆಕ್ಟ್ರಾನ್ ಕಸಿದು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಸೂಪರಾಕ್ಸೈಡ್ ಆಗುತ್ತದೆ. ಅದರಿಂದ ಹುಟ್ಟುವ ಕಣಗಳು ಕೊಬ್ಬು, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಹಾಳುಮಾಡುತ್ತವೆ. ಪ್ಯಾರಾಕ್ವಾಟ್ ಮಾತ್ರ ಖರ್ಚಾಗುವುದಿಲ್ಲ, ಇನ್ನೊಂದು ಇಲೆಕ್ಟ್ರಾನ್ ಕಸಿಯಲು ಹೋಗುತ್ತದೆ. ಆಮ್ಲಜನಕ ಜಾಸ್ತಿ ಸಿಕ್ಕಷ್ಟೂ ಶ್ವಾಸಕೋಶ ಬೇಗ ಕೆಡುತ್ತದೆ.

ಪಾರ್ಕಿನ್ಸನ್ ಕಾಯಿಲೆಯ ಮಾತನ್ನು ಇಲ್ಲಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ಈ ಕಾಯಿಲೆಗೆ ಕಾರಣ ಏನು ಎಂದು ಕೇಳಿದಾಗ ಈಚೆಗೆ ಎರಡು ಮಾತು ಒಟ್ಟಿಗೇ ಬರುತ್ತವೆ. ಒಂದು, ಮಿದುಳಿಗೆ ಆಮ್ಲಜನಕ ಸಾಲದೆ ಹೋಗುವುದು. ಇನ್ನೊಂದು, ಗಾಳಿ, ನೀರು, ಹೊಲದಲ್ಲಿರುವ ವಿಷ. ಎರಡನ್ನೂ ಸಮಾನ ಕಾರಣಗಳಂತೆ ಪಕ್ಕಪಕ್ಕ ಇಡುತ್ತಾರೆ. ಸಾಕ್ಷ್ಯಗಳನ್ನು ಹತ್ತಿರದಿಂದ ನೋಡಿದರೆ ಚಿತ್ರ ಬೇರೆಯೇ ಇದೆ. ಮೂಗಿನಿಂದ ಒಳಗೆ ಹೋಗುವ ಆಮ್ಲಜನಕ ಎಷ್ಟು ಎನ್ನುವುದಕ್ಕಿಂತ, ನರಕೋಶ ಅದನ್ನು ಬಳಸಿಕೊಳ್ಳಬಲ್ಲುದೇ ಎನ್ನುವುದು ದೊಡ್ಡ ಪ್ರಶ್ನೆ. ಹಲವು ವಿಷಗಳು ಪೆಟ್ಟು ಕೊಡುವುದು ಸರಿಯಾಗಿ ಆ ಜಾಗಕ್ಕೇ.

ಮೊದಲು ಕಾಯಿಲೆಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರ ಲಕ್ಷಣಗಳನ್ನು ಬರೆದಿಟ್ಟ. ಸುಮ್ಮನೆ ಕೂತಾಗ ಕೈ ನಡುಗುವುದು, ಮೈ ಮುಂದಕ್ಕೆ ಬಾಗುವುದು, ಹೆಜ್ಜೆ ಚಿಕ್ಕದಾಗುವುದು. ನಮ್ಮ ಕಡೆ ಇದನ್ನು ಕಂಪವಾತ, ಅದುರುವಾಯು ಎಂದೆಲ್ಲ ಕರೆಯುತ್ತಾರೆ. ಮಿದುಳಿನ ಬುಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಸಣ್ಣ ಜಾಗವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ತಯಾರಿಸುತ್ತವೆ. ಚಲನೆ ಸರಾಗವಾಗಿ ನಡೆಯಲು ಇದು ಬೇಕೇ ಬೇಕು. ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ. ಎಷ್ಟೋ ಜನರಿಗೆ ಅದಕ್ಕೆ ವರ್ಷಗಳ ಮೊದಲೇ ವಾಸನೆ ಗೊತ್ತಾಗದೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಶುರುವಾಗಿರುತ್ತದೆ. ಹೊರಗಿನ ವಿಷ ಮೊದಲು ಮುಟ್ಟುವುದೂ ಮೂಗು ಮತ್ತು ಕರುಳನ್ನೇ ಅಲ್ವಾ? ಕಾಯಿಲೆ ಅಲ್ಲಿಂದಲೇ ಮಿದುಳಿಗೆ ಹತ್ತುತ್ತಿರಬಹುದು ಎಂದು ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಹೇಳಿದ್ದನ್ನು ವಿಜ್ಞಾನಿಗಳು ಇವತ್ತಿಗೂ ಪರೀಕ್ಷಿಸುತ್ತಿದ್ದಾರೆ.

ಜಗತ್ತಿನಲ್ಲಿ 1990ರಲ್ಲಿ ಸುಮಾರು 25 ಲಕ್ಷ ಜನರಿಗೆ ಪಾರ್ಕಿನ್ಸನ್ ಇತ್ತು. 2016ರ ಹೊತ್ತಿಗೆ ಅದು 61 ಲಕ್ಷವಾಯಿತು. 2019ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 85 ಲಕ್ಷ ದಾಟಿತ್ತು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ರೋಗ ಪತ್ತೆ ಸುಧಾರಿಸಿದೆ, ನಿಜ. ಆದರೆ ವಯಸ್ಸಿನ ಲೆಕ್ಕ ಸರಿದೂಗಿಸಿದ ಮೇಲೂ 1990ರಿಂದ 2016ರ ನಡುವೆ ರೋಗದ ಪ್ರಮಾಣ ಶೇ. 20ಕ್ಕಿಂತ ಜಾಸ್ತಿ ಏರಿದೆ. ನಮ್ಮ ಜೀನ್‌ಗಳು ಒಂದು ತಲೆಮಾರಿನಲ್ಲಿ ಬದಲಾಗುವುದಿಲ್ಲ. ಇಷ್ಟು ಬೇಗ ಬದಲಾಗಿದ್ದು ನಾವು ಬದುಕುವ ಪರಿಸರ.

ಆ ಕೋಶಗಳೇ ಯಾಕೆ?

ಮೈಯಲ್ಲಿ ಲಕ್ಷಕೋಟಿಗಟ್ಟಲೆ ಕೋಶಗಳಿವೆ. ಗಾಳಿಯಲ್ಲಿನ ವಿಷ ಎಲ್ಲವನ್ನೂ ಮುಟ್ಟುತ್ತದೆ. ಆದರೂ ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಸಾಯುವುದು ಡೋಪಮೈನ್ ಕೋಶಗಳು. ಇದಕ್ಕೆ ಉತ್ತರ ಆ ಕೋಶಗಳ ರಚನೆಯಲ್ಲೇ ಇದೆ. ಮನುಷ್ಯನ ಒಂದು ಡೋಪಮೈನ್ ನರಕೋಶದ ಎಳೆಗಳನ್ನೆಲ್ಲ ಬಿಡಿಸಿ ಸಾಲಾಗಿ ಇಟ್ಟರೆ 4 ಮೀಟರಿಗೂ ಹೆಚ್ಚು ಉದ್ದವಾಗುತ್ತದೆ ಎಂದು ಆಕ್ಸ್‌ಫರ್ಡ್ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅದು 10 ಲಕ್ಷಕ್ಕಿಂತ ಹೆಚ್ಚು ಕಡೆ ಬೇರೆ ಕೋಶಗಳನ್ನು ತಲುಪುತ್ತದೆ. ಅಷ್ಟು ಉದ್ದದ ಎಳೆಗಳಿಗೆ ಒಂದು ಪುಟ್ಟ ಕೋಶ ಹಗಲು ರಾತ್ರಿ ಶಕ್ತಿ ಒದಗಿಸಬೇಕು. ಜೊತೆಗೆ ಈ ಕೋಶಗಳು ಹೊರಗಿನ ಪ್ರಚೋದನೆ ಇಲ್ಲದೆಯೂ ಸದಾ ಮಿಡಿಯುತ್ತಲೇ ಇರುತ್ತವೆ. ಡೋಪಮೈನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಅಂದರೆ ಯಾವ ವಿಷವೂ ತಾಗದ ದಿನದಲ್ಲೂ ಈ ಕೋಶಗಳು ತಮ್ಮ ಮಿತಿಯ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತವೆ.

ಶಕ್ತಿ ಬರುವುದು ಮೈಟೋಕಾಂಡ್ರಿಯಾದಿಂದ. ಬಹುತೇಕ ಎಲ್ಲ ಕೋಶಗಳೊಳಗೂ ಇರುವ ಈ ಸಣ್ಣ ಭಾಗಗಳು ಆಹಾರದಿಂದ ಬಂದ ಇಲೆಕ್ಟ್ರಾನ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತವೆ. ನಾವು ಉಸಿರಾಡುವುದೇ ಆ ಕೊನೆಯ ಹಂತಕ್ಕಾಗಿ. ಈ ಸಾಲಿನ ಮೊದಲ ದೊಡ್ಡ ಘಟಕದ ಹೆಸರು ಕಾಂಪ್ಲೆಕ್ಸ್ 1. ಅಲ್ಲಿ ತಡೆ ಬಿದ್ದರೆ ಹಸಿ ಸೌದೆ ತುರುಕಿದ ಒಲೆಯ ಕಥೆಯಾಗುತ್ತದೆ: ಉರಿ ಕಡಿಮೆ, ಹೊಗೆ ಜಾಸ್ತಿ. ಶಕ್ತಿ ಸಾಲದು. ದಾರಿ ಸಿಗದ ಇಲೆಕ್ಟ್ರಾನ್‌ಗಳು ನಡುವೆಯೇ ಸೋರಿ ಆಮ್ಲಜನಕಕ್ಕೆ ತಾಗಿ ಸೂಪರಾಕ್ಸೈಡ್ ಆಗುತ್ತವೆ. 1989ರಲ್ಲಿ ಲಂಡನ್ನಿನ ಆಂಟನಿ ಶಪೀರಾ ಅವರ ತಂಡ ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳು ಪರೀಕ್ಷಿಸಿತು. ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಕಾಂಪ್ಲೆಕ್ಸ್ 1ರ ಕೆಲಸ ಕುಗ್ಗಿರುವುದು ಕಂಡಿತು.

ಕ್ಯಾಲಿಫೋರ್ನಿಯಾದ 1982

ಕಾಂಪ್ಲೆಕ್ಸ್ 1ರ ಮೇಲೆ ಅನುಮಾನ ಮೂಡಿದ್ದು ಒಂದು ದುರಂತದಿಂದ. 1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಕೆಲವು ಯುವ ಮಾದಕ ವ್ಯಸನಿಗಳು ಇದ್ದಕ್ಕಿದ್ದಂತೆ ಕಲ್ಲಿನಂತೆ ಸೆಟೆದುಹೋದರು. ಮಾತಿಲ್ಲ, ಚಲನೆಯಿಲ್ಲ, ಆದರೆ ಪ್ರಜ್ಞೆ ಪೂರ್ತಿ ಇತ್ತು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಆ ರೋಗಿಗಳಿಗೆ ಲೆವೊಡೋಪಾ ಕೊಟ್ಟು ನೋಡಿದರು. ಮುದುಕರ ಪಾರ್ಕಿನ್ಸನ್‌ಗೆ ಕೊಡುವ ಔಷಧಿ ಈ ಯುವಕರ ಮೇಲೂ ಕೆಲಸ ಮಾಡಿತು. ಹುಡುಕಿದಾಗ ಸಿಕ್ಕಿದ್ದು ಕಳ್ಳತನದಲ್ಲಿ ತಯಾರಿಸಿದ ಕೃತಕ ಹೆರಾಯಿನ್. ತಯಾರಿಕೆಯಲ್ಲಿ ತಪ್ಪಿ ಅದರಲ್ಲಿ ಎಂಪಿಟಿಪಿ ಎಂಬ ವಸ್ತು ಸೇರಿಕೊಂಡಿತ್ತು.

ಎಂಪಿಟಿಪಿ ತಾನೇ ಕೊಲ್ಲುವುದಿಲ್ಲ. ಮಿದುಳಿನಲ್ಲಿ ಅದು ಎಂಪಿಪಿ ಪ್ಲಸ್ ಎಂಬ ರೂಪಕ್ಕೆ ಬದಲಾಗುತ್ತದೆ. ಡೋಪಮೈನ್ ಅನ್ನು ಒಳಗೆ ಕರೆದುಕೊಳ್ಳುವ ಬಾಗಿಲಿನಿಂದಲೇ ಅದು ನರಕೋಶದೊಳಗೆ ನುಗ್ಗುತ್ತದೆ. ಹಾಗಾಗಿ ಬೇರೆ ಕೋಶಗಳನ್ನು ಬಿಟ್ಟು ಡೋಪಮೈನ್ ಕೋಶಗಳಲ್ಲೇ ತುಂಬಿಕೊಂಡು ಕಾಂಪ್ಲೆಕ್ಸ್ 1 ಅನ್ನು ಕಟ್ಟಿಹಾಕುತ್ತದೆ. ಹೊರಗಿನಿಂದ ಬಂದ ಒಂದೇ ಒಂದು ರಾಸಾಯನಿಕ ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ಲಕ್ಷಣಗಳನ್ನು ತರಬಲ್ಲುದು ಎಂದು ಮನುಷ್ಯರಲ್ಲೇ ಕಂಡ ಮೊದಲ ಸ್ಪಷ್ಟ ಪುರಾವೆ ಇದು. ರಸಾಯನಶಾಸ್ತ್ರ ಬಲ್ಲವರು ಇನ್ನೊಂದನ್ನೂ ಗಮನಿಸಿದರು. ಎಂಪಿಪಿ ಪ್ಲಸ್‌ನ ಅಣುರಚನೆ ಪ್ಯಾರಾಕ್ವಾಟ್‌ಗೆ ತುಂಬಾ ಹತ್ತಿರ. ಒಂದು ಕಾಲದಲ್ಲಿ ಎಂಪಿಪಿ ಪ್ಲಸ್ ಅನ್ನೇ ಕಳೆನಾಶಕವಾಗಿ ಪರೀಕ್ಷಿಸಿದ್ದರು ಕೂಡ.

ಆಮೇಲೆ ರೋಟೆನೋನ್ ಸರದಿ. ಕೆಲವು ಗಿಡಗಳ ಬೇರಿನಲ್ಲಿ ಸಿಗುವ ಇದನ್ನು ಕೀಟನಾಶಕವಾಗಿ, ಮೀನು ಹಿಡಿಯುವ ವಿಷವಾಗಿ ಬಳಸುತ್ತಿದ್ದರು. ಗಿಡದಿಂದ ಬಂದದ್ದು, ನೈಸರ್ಗಿಕ ಎಂಬ ನಂಬಿಕೆಯೂ ಇತ್ತು. 2000ದಲ್ಲಿ ಅಮೆರಿಕದ ಟಿಮೊಥಿ ಗ್ರೀನಮೈರ್ ತಂಡ ಇಲಿಗಳಿಗೆ ವಾರಗಟ್ಟಲೆ ರೋಟೆನೋನ್ ಕೊಟ್ಟಿತು. ಅದೂ ಕಾಂಪ್ಲೆಕ್ಸ್ 1 ಅನ್ನೇ ತಡೆಯುತ್ತದೆ. ಇಲಿಗಳಲ್ಲಿ ಡೋಪಮೈನ್ ಕೋಶ ಸತ್ತವು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಕಾಣುವಂಥ ಆಲ್ಫಾ ಸಿನ್ಯೂಕ್ಲೀನ್ ಪ್ರೋಟೀನಿನ ಗಂಟುಗಳೂ ಕಂಡವು.

ನೈಸರ್ಗಿಕ ಎಂದಾಕ್ಷಣ ಕಣ್ಣು ಮುಚ್ಚಿ ನಂಬುವವರಿಗೆ ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನ ವಿಷಯವನ್ನೂ ಹೇಳಬೇಕು. ಅಲ್ಲಿ ಮಾಮೂಲಿ ಔಷಧಿಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನಿಸಂ, ಅಂದರೆ ಪಾರ್ಕಿನ್ಸನ್ ಥರದ ಲಕ್ಷಣಗಳ ಕಾಯಿಲೆ, ವಿಪರೀತ ಜಾಸ್ತಿ ಇತ್ತು. 1999ರಲ್ಲಿ ಸಂಶೋಧಕರು ಬೊಟ್ಟು ಮಾಡಿದ್ದು ಸೀತಾಫಲದ ಕುಟುಂಬದ ಹಣ್ಣುಗಳು ಮತ್ತು ಎಲೆಯ ಕಷಾಯದ ಕಡೆ, ಮುಖ್ಯವಾಗಿ ನಾವು ಮುಳ್ಳುರಾಮಫಲ ಅಥವಾ ಲಕ್ಷ್ಮಣಫಲ ಎನ್ನುವ ಗಿಡದ ಕಡೆ. ಅದರಲ್ಲಿರುವ ಅನೋನಾಸಿನ್ ಕೂಡ ಕಾಂಪ್ಲೆಕ್ಸ್ 1ರ ವೈರಿ. ಅದೇ ಕಾರಣ ಎಂದು ಇನ್ನೂ ಖಚಿತವಾಗಿಲ್ಲ. ಆದರೆ ನಮ್ಮಲ್ಲಿ ವಾಟ್ಸಾಪ್ ಸಂದೇಶ ನೋಡಿ ಕ್ಯಾನ್ಸರ್ ವಾಸಿಯಾಗುತ್ತದೆಂದು ಇದರ ಎಲೆಯ ಕಷಾಯವನ್ನು ತಿಂಗಳಾನುಗಟ್ಟಲೆ ಕುಡಿಯುವವರಿದ್ದಾರೆ. ಅವರಿಗೆ ಈ ಮಾತು ತಲುಪಬೇಕು. ಅಪರೂಪಕ್ಕೆ ಒಂದು ಹಣ್ಣು ತಿನ್ನುವವರು ಹೆದರಬೇಕಾಗಿಲ್ಲ.

ಹೊಲದಿಂದ ಬಂದ ಸಾಕ್ಷಿ

ಪ್ರಯೋಗಾಲಯದ ಇಲಿ ಬೇರೆ, ಬದುಕಿರುವ ರೈತ ಬೇರೆ. ಹಾಗಾಗಿ ಜನರ ಮೇಲಿನ ಅಧ್ಯಯನಗಳನ್ನೂ ನೋಡಬೇಕು. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲೈನಾ ರಾಜ್ಯಗಳ ಕೃಷಿಕರನ್ನು ದಶಕಗಳಿಂದ ಗಮನಿಸುತ್ತಾ ಬಂದ ಒಂದು ದೊಡ್ಡ ಅಧ್ಯಯನವಿದೆ. ಅದರೊಳಗಿನ 110 ರೋಗಿಗಳನ್ನು 358 ಆರೋಗ್ಯವಂತರ ಜೊತೆ ಹೋಲಿಸಿ ಕ್ಯಾರೊಲಿನ್ ಟ್ಯಾನರ್ ತಂಡ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ ಸುಮಾರು ಎರಡೂವರೆ ಪಟ್ಟು. ರೋಟೆನೋನ್‌ನದೂ ಅಷ್ಟೇ. ಅದಕ್ಕೂ ಮೊದಲು, 2009ರಲ್ಲಿ, ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಬೀಟೆ ರಿಟ್ಸ್ ತಂಡ ಸಿಂಪಡಣೆಯ ಸರ್ಕಾರಿ ದಾಖಲೆಗಳನ್ನು ಮನೆಗಳ ನಕ್ಷೆಯ ಮೇಲೆ ಕೂರಿಸಿ ನೋಡಿತ್ತು. ಮನೆಯಿಂದ 500 ಮೀಟರ್ ಒಳಗೆ ಪ್ಯಾರಾಕ್ವಾಟ್ ಮತ್ತು ಮಾನೆಬ್ ಎಂಬ ಶಿಲೀಂಧ್ರನಾಶಕ ಎರಡನ್ನೂ ಹೊಡೆದಿದ್ದರೆ ಅಪಾಯ ಶೇ. 75ರಷ್ಟು ಜಾಸ್ತಿ. ಅವರಲ್ಲಿ ಎಷ್ಟೋ ಜನ ತಾವೇ ಪಂಪು ಹೊತ್ತವರಲ್ಲ. ಹೊಲದ ಪಕ್ಕ ಮನೆ ಇದ್ದವರು, ಅಷ್ಟೇ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅದೇ ಅಯೋವಾ, ನಾರ್ತ್ ಕ್ಯಾರೊಲೈನಾ ಕೃಷಿಕರ ದೊಡ್ಡ ಗುಂಪನ್ನು 2020ರಲ್ಲಿ ಮತ್ತೆ ನೋಡಿದಾಗ ಪ್ಯಾರಾಕ್ವಾಟ್‌ಗೂ ಪಾರ್ಕಿನ್ಸನ್‌ಗೂ ಒಟ್ಟಾರೆ ಗಟ್ಟಿ ಸಂಬಂಧ ಕಾಣಲಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದವರಲ್ಲಿ ಮಾತ್ರ ಅಪಾಯ ಏರಿತ್ತು. ಪ್ಯಾರಾಕ್ವಾಟ್ ಮಾರುತ್ತಾ ಬಂದ ಸಿಂಜೆಂಟಾ ಕಂಪನಿ ಸಂಬಂಧವೇ ಇಲ್ಲ ಎನ್ನುತ್ತಾ ಬಂದಿದೆ. ಅಮೆರಿಕದಲ್ಲಿ ಅದರ ಮೇಲೆ ಸಾವಿರಾರು ಮೊಕದ್ದಮೆಗಳು ಬಿದ್ದಿವೆ. ನನಗೆ ಈ 2020ರ ಫಲಿತಾಂಶ ವಾದವನ್ನು ಮುಗಿಸುವಂಥದ್ದು ಅನ್ನಿಸುವುದಿಲ್ಲ, ಅದಕ್ಕೆ ಇನ್ನೊಂದು ಎಳೆ ಸೇರಿಸುವಂಥದ್ದು ಅನ್ನಿಸುತ್ತದೆ. ಒಂದೇ ವಿಷ ಒಬ್ಬನನ್ನು ಕೆಡವಿ ಪಕ್ಕದವನನ್ನು ಬಿಟ್ಟುಬಿಡುವುದು ಹೇಗೆ ಎಂಬುದಕ್ಕೆ ಅಲ್ಲಿ ಸುಳಿವಿದೆ. ತಲೆಗೆ ಬಿದ್ದ ಹಳೆಯ ಪೆಟ್ಟು, ವಿಷವನ್ನು ಒಡೆಯುವ ಜೀನ್‌ನ ದುರ್ಬಲ ರೂಪ, ಇನ್ನೊಂದು ರಾಸಾಯನಿಕ, ವಯಸ್ಸು: ಇವು ಒಂದರ ಮೇಲೊಂದು ಬೀಳುತ್ತವೆ.

ಜೀನ್‌ಗಳ ವಿಷಯದಲ್ಲಿ ಅವಳಿಗಳು ಒಳ್ಳೆಯ ಸಾಕ್ಷಿ. 1999ರಲ್ಲಿ ಟ್ಯಾನರ್ ತಂಡವೇ ಎರಡನೇ ಮಹಾಯುದ್ಧದಲ್ಲಿ ಸೇವೆ ಮಾಡಿದ ಸುಮಾರು 20 ಸಾವಿರ ಅವಳಿ ಪುರುಷರನ್ನು ಪರಿಶೀಲಿಸಿತು. 50 ದಾಟಿದ ಮೇಲೆ ಬರುವ ಪಾರ್ಕಿನ್ಸನ್‌ನಲ್ಲಿ ಏಕರೂಪಿ ಅವಳಿಗಳಿಗೂ ಸಾಮಾನ್ಯ ಅವಳಿಗಳಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಜೀನ್ ಒಂದೇ ಆದರೂ ಹೆಚ್ಚಿನ ಜೋಡಿಗಳಲ್ಲಿ ರೋಗ ಒಬ್ಬನಿಗೆ ಮಾತ್ರ. ಹಾಗಂತ ಜೀನ್ ಲೆಕ್ಕಕ್ಕಿಲ್ಲ ಎಂದಲ್ಲ. 50ಕ್ಕಿಂತ ಮೊದಲು ಬರುವ ಕಾಯಿಲೆಯಲ್ಲಿ ಅದರ ಪಾಲು ದೊಡ್ಡದು. ಕುತೂಹಲದ ಸಂಗತಿ ಎಂದರೆ, ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ತರುವ ಪಾರ್ಕಿನ್, ಪಿಂಕ್1 ಎಂಬ ಎರಡು ಜೀನ್‌ಗಳ ಕೆಲಸ ಕೆಟ್ಟುಹೋದ ಮೈಟೋಕಾಂಡ್ರಿಯಾಗಳನ್ನು ಗುರುತಿಸಿ ವಿಲೇವಾರಿ ಮಾಡುವುದು. ಜೀನ್ ದಾರಿಯಲ್ಲಿ ಬಂದರೂ, ವಿಷದ ದಾರಿಯಲ್ಲಿ ಬಂದರೂ ತಲುಪುವ ಜಾಗ ಒಂದೇ.

ಹೊಲದ ವಿಷ ಅಡುಗೆಮನೆಗೂ ಬಂದ ಉದಾಹರಣೆ ಹವಾಯಿಯದು. 1980ರ ದಶಕದ ಆರಂಭದಲ್ಲಿ ಅಲ್ಲಿನ ಹಾಲಿನಲ್ಲಿ ಹೆಪ್ಟಾಕ್ಲೋರ್ ಎಂಬ ಕೀಟನಾಶಕದ ಅಂಶ ಮಿತಿ ಮೀರಿ ಸಿಕ್ಕಿತು. ಅನಾನಸ್ ಬೆಳೆಗೆ ಹೊಡೆದದ್ದು, ಅದರ ಎಲೆ ಕತ್ತರಿಸಿ ಹಸುಗಳಿಗೆ ಹಾಕಿದ್ದರಿಂದ ಹಾಲಿಗೆ ಇಳಿದಿತ್ತು. ದಶಕಗಳ ನಂತರ ತೀರಿಕೊಂಡ ಪುರುಷರ ಮಿದುಳನ್ನು ನೋಡಿದಾಗ, ಸಿಗರೇಟು ಸೇದದವರ ಪೈಕಿ ತುಂಬಾ ಹಾಲು ಕುಡಿಯುತ್ತಿದ್ದವರಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳು ಕಡಿಮೆ ಇದ್ದವು.

ಕೊಳವೆ ನೀರಿನ ದ್ರಾವಕ

ರೈತರ ವಿಷಯ ಮಾತ್ರ ಎಂದು ಪೇಟೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ. ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ದ್ರಾವಕ. ಹಿಂದೆ ಬಟ್ಟೆಯ ಡ್ರೈಕ್ಲೀನಿಂಗ್‌ಗೂ ಬಳಸಿದ್ದರು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಕ್ಯಾಂಪ್ ಲಜೂನ್ ಎಂಬ ಮರೀನ್ ಸೇನಾ ನೆಲೆಯ ಕುಡಿಯುವ ನೀರಿನಲ್ಲಿ 1953ರಿಂದ 1987ರವರೆಗೆ ಟಿಸಿಇ ಮತ್ತು ಅಂಥ ದ್ರಾವಕಗಳು ಸೇರಿದ್ದವು. 2023ರಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ಮನ್ ತಂಡ ಅಲ್ಲಿದ್ದ ಸೈನಿಕರನ್ನು, ಶುದ್ಧ ನೀರಿದ್ದ ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್ನಿನ ಸೈನಿಕರ ಜೊತೆ ಹೋಲಿಸಿತು. ಪಾರ್ಕಿನ್ಸನ್ ಅಪಾಯ ಶೇ. 70ರಷ್ಟು ಹೆಚ್ಚು. ಆ ಹುಡುಗರು ಅಲ್ಲಿಗೆ ಹೋದದ್ದು ಸುಮಾರು 20ರ ವಯಸ್ಸಿನಲ್ಲಿ. ಇದ್ದದ್ದು ಸರಾಸರಿ ಎರಡು ವರ್ಷ. ರೋಗ ಕಂಡದ್ದು ದಶಕಗಳ ನಂತರ. 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಟಿಸಿಇ ನಿಷೇಧದ ನಿಯಮ ಹೊರಡಿಸಿತು.

ಈ ದಶಕಗಳ ಅಂತರವೇ ಎಲ್ಲವನ್ನೂ ಕಷ್ಟ ಮಾಡುವುದು. ವಿಷ ತಾಗಿದ ದಿನಕ್ಕೂ ಕೈ ನಡುಗುವ ದಿನಕ್ಕೂ ನಡುವೆ 30 ವರ್ಷ ಕಳೆದಿದ್ದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಯಾವ ಕ್ಯಾನು, ಯಾವ ಬಾವಿ, ಯಾವ ವರ್ಕ್‌ಶಾಪು?

ಹಾಗಾದರೆ ಆಮ್ಲಜನಕ?

ಈಗ ಆಮ್ಲಜನಕದ ಕೊರತೆಯ ಮಾತಿಗೆ ಬರೋಣ. ಇದರ ಪರವಾಗಿ ಇರುವ ವಾದ ಸಣ್ಣದಲ್ಲ. ಮಿದುಳಿನ ತೂಕ ದೇಹದ ಶೇ. 2ರಷ್ಟು. ಅದು ಬಳಸುವ ಆಮ್ಲಜನಕ ಶೇ. 20ರಷ್ಟು. ಡೋಪಮೈನ್ ತಯಾರಿಸುವ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ನೇರವಾಗಿಯೇ ಬೇಕು. ಆಮ್ಲಜನಕ ಕಡಿಮೆ ಮಾಡಿದಾಗ ನರಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲೀನ್ ಹೆಚ್ಚು ಸೇರುವುದನ್ನು ಪ್ರಯೋಗಾಲಯಗಳು ಕಂಡಿವೆ.

ಮನುಷ್ಯರಲ್ಲಿ ಎರಡು ಸಂದರ್ಭ ಗಮನ ಸೆಳೆಯುತ್ತವೆ. ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಬೆಂಗಳೂರಿನಂಥ ಊರುಗಳಲ್ಲಿ ಗಾಳಿಯಾಡದ ಬಚ್ಚಲಮನೆಯ ಗ್ಯಾಸ್ ಗೀಸರ್‌ನಿಂದ ಜನ ಪ್ರಜ್ಞೆ ತಪ್ಪಿ ಬಿದ್ದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಈ ಅನಿಲ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಮಿದುಳಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ಬದುಕುಳಿದವರಲ್ಲಿ ಕೆಲವರಿಗೆ ವಾರಗಳ ನಂತರ ಮೈ ಬಿಗಿತ, ನಿಧಾನ ನಡಿಗೆ ಬರುತ್ತದೆ. ನೋಡಲು ಪಾರ್ಕಿನ್ಸನ್‌ನಂತೆಯೇ. ಆದರೆ ಹಾನಿಯಾಗಿರುವುದು ಮುಖ್ಯವಾಗಿ ಮಿದುಳಿನ ಬೇರೊಂದು ಭಾಗಕ್ಕೆ, ಗ್ಲೋಬಸ್ ಪ್ಯಾಲಿಡಸ್‌ಗೆ. ಲೆವೊಡೋಪಾ ಅಲ್ಲಿ ಅಷ್ಟಾಗಿ ನಾಟುವುದಿಲ್ಲ. ಮ್ಯಾಂಗನೀಸ್ ದೂಳಿನಿಂದ ಬರುವ ಕಾಯಿಲೆಯೂ ಇದೇ ಜಾತಿಯದು. 1837ರಲ್ಲೇ ಗ್ಲಾಸ್ಗೋದ ಜಾನ್ ಕೂಪರ್ ಮ್ಯಾಂಗನೀಸ್ ಅದಿರು ಅರೆಯುವ ಕೆಲಸಗಾರರಲ್ಲಿ ಅದನ್ನು ಕಂಡು ಬರೆದಿದ್ದ. ನಮ್ಮ ಸಂಡೂರಿನ ಮ್ಯಾಂಗನೀಸ್ ಗಣಿಗಳಲ್ಲಿ ಮತ್ತು ವೆಲ್ಡಿಂಗ್ ಶೆಡ್‌ಗಳಲ್ಲಿ ದುಡಿಯುವವರ ಮುಖಕ್ಕೆ ಒಳ್ಳೆಯ ಮಾಸ್ಕ್ ಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯದು ಸ್ಲೀಪ್ ಆಪ್ನಿಯಾ. ಗೊರಕೆಯ ನಡುವೆ ಉಸಿರು ಕಟ್ಟಿ, ರಕ್ತದ ಆಮ್ಲಜನಕ ಇಳಿದು, ಥಟ್ಟನೆ ಎಚ್ಚರವಾಗಿ ಮತ್ತೆ ಏರುವುದು. ರಾತ್ರಿ ಪೂರ್ತಿ ಹೀಗೇ. ಅಮೆರಿಕದ 1 ಕೋಟಿಗೂ ಹೆಚ್ಚು ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ 2025ರ ಅಧ್ಯಯನದಲ್ಲಿ, ಆಪ್ನಿಯಾ ಇದ್ದವರಲ್ಲಿ ಪಾರ್ಕಿನ್ಸನ್ ಹೆಚ್ಚಿತ್ತು. ಬೇಗನೆ ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು) ಬಳಸಲು ಶುರು ಮಾಡಿದವರಲ್ಲಿ ಅದು ಕಡಿಮೆಯಿತ್ತು. ಇದು ಸಂಬಂಧ ಮಾತ್ರ, ಕಾರಣ ಸಾಬೀತಾಗಿಲ್ಲ. ಆದರೂ ಮನೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವವರಿದ್ದರೆ ವೈದ್ಯರಿಗೆ ತೋರಿಸಿ. ಹೃದಯಕ್ಕೂ, ರಕ್ತದೊತ್ತಡಕ್ಕೂ ಅದರಿಂದ ಲಾಭವಂತೂ ಖಂಡಿತ.

ಇಷ್ಟು ಓದಿದರೆ ಆಮ್ಲಜನಕ ಕಡಿಮೆಯಾದದ್ದೇ ತಪ್ಪು, ಜಾಸ್ತಿ ಕೊಟ್ಟರೆ ಸರಿಹೋಗುತ್ತದೆ ಅನ್ನಿಸಬಹುದು. 2025ರ ಆಗಸ್ಟಿನಲ್ಲಿ ಬಂದ ಇನ್ನೊಂದು ಸಂಶೋಧನೆ ಈ ಯೋಚನೆಯನ್ನೇ ತಲೆಕೆಳಗು ಮಾಡಿತು. ಅಮೆರಿಕದ ಬ್ರಾಡ್ ಸಂಸ್ಥೆ ಮತ್ತು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಂಶಿ ಮೂಥಾ, ಫುಮಿಟೊ ಇಚಿನೋಸೆ ತಂಡ ಇಲಿಗಳ ಮಿದುಳಿಗೆ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲೀನ್ ಚುಚ್ಚಿತು. ಒಂದು ಗುಂಪನ್ನು ಮಾಮೂಲಿ ಗಾಳಿಯಲ್ಲಿಟ್ಟರು, ಅದರಲ್ಲಿ ಆಮ್ಲಜನಕ ಶೇ. 21. ಇನ್ನೊಂದನ್ನು ಶೇ. 11 ಆಮ್ಲಜನಕದಲ್ಲಿಟ್ಟರು. ಅದು ಎವರೆಸ್ಟ್ ಬೇಸ್ ಕ್ಯಾಂಪಿನ ಮಟ್ಟಕ್ಕೆ ಹತ್ತಿರ. ಮೂರು ತಿಂಗಳ ನಂತರ ಮಾಮೂಲಿ ಗಾಳಿಯ ಇಲಿಗಳಲ್ಲಿ ಡೋಪಮೈನ್ ಕೋಶ ಸತ್ತಿದ್ದವು, ಚಲನೆ ಕೆಟ್ಟಿತ್ತು. ತೆಳು ಗಾಳಿಯ ಇಲಿಗಳಲ್ಲಿ ಪ್ರೋಟೀನ್ ಗಂಟುಗಳು ಅಷ್ಟೇ ಇದ್ದರೂ ಕೋಶಗಳು ಉಳಿದಿದ್ದವು. ಚುಚ್ಚಿ ಆರು ವಾರ ಕಳೆದು, ಲಕ್ಷಣ ಶುರುವಾದ ಮೇಲೆ ತೆಳು ಗಾಳಿಗೆ ಬದಲಾಯಿಸಿದರೂ ಇಲಿಗಳ ಚಲನೆ ಸುಧಾರಿಸಿತು.

ಹೇಗೆ? ಕಾಯಿಲೆಯಾದ ಇಲಿಗಳ ಮಿದುಳಿನಲ್ಲಿ ಆಮ್ಲಜನಕ ಹೆಚ್ಚೇ ಇತ್ತು. ಮೈಟೋಕಾಂಡ್ರಿಯಾ ಕೆಟ್ಟು ಅದನ್ನು ಬಳಸುತ್ತಿಲ್ಲ. ರಕ್ತ ತಂದು ಸುರಿಯುತ್ತಲೇ ಇದೆ. ಬಳಕೆಯಾಗದ ಆಮ್ಲಜನಕ ಅಲ್ಲೇ ಉಳಿದು ಹಾನಿ ಮಾಡುತ್ತಿದೆ ಎಂದು ಆ ತಂಡ ಭಾವಿಸುತ್ತದೆ. ಪ್ಯಾರಾಕ್ವಾಟ್ ರೋಗಿಗೆ ವೈದ್ಯರು ಆಮ್ಲಜನಕ ಹಿಡಿದು ಕೊಡುವುದರ ಹಿಂದೆಯೂ ಇಂಥದ್ದೇ ತರ್ಕವಿದೆ. ಮೂಥಾ ಅವರ ಗುಂಪಿಗೆ ಇದು ಹೊಸ ದಾರಿಯಲ್ಲ. 2016ರಲ್ಲೇ ಇಶಾ ಜೈನ್ ಜೊತೆಗೂಡಿ, ಕಾಂಪ್ಲೆಕ್ಸ್ 1ರ ಒಂದು ಜೀನ್ ಇಲ್ಲದ ಇಲಿಗಳು ಶೇ. 11 ಆಮ್ಲಜನಕದಲ್ಲಿ ಹೆಚ್ಚು ಕಾಲ ಬದುಕುವುದನ್ನು ತೋರಿಸಿದ್ದರು.

ಹಾಗಾದರೆ ಆಪ್ನಿಯಾದ ಫಲಿತಾಂಶ ಸುಳ್ಳೇ? ಇಲ್ಲ. ಅಲ್ಲಿ ಆಮ್ಲಜನಕ ಇಳಿದು ಏರಿ, ಇಳಿದು ಏರಿ ಆಡುತ್ತದೆ. ಪ್ರತಿ ಸಲ ವಾಪಸು ನುಗ್ಗುವಾಗ ಹಾನಿಕಾರಕ ಕಣಗಳು ಒಮ್ಮೆಲೇ ಹುಟ್ಟುತ್ತವೆ. ಇಲಿಗಳ ಪ್ರಯೋಗದಲ್ಲಿ ಅದು ಕೆಳಗಿಳಿದು ಅಲ್ಲೇ ನಿಂತಿತ್ತು. ಎರಡು ಬೇರೆ ಬೇರೆ ಸಂಗತಿಗಳು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದ ಲೆಕ್ಕ ಹೇಳುತ್ತದೆ. ನರಕೋಶದೊಳಗೆ ಏನಾಗುತ್ತಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ರೋಗಿಗಳ ಮನೆಯವರು ದಯವಿಟ್ಟು ಇದನ್ನು ಗಮನಿಸಿ. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಟ್ಟು ಪಾರ್ಕಿನ್ಸನ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತು ನಂಬಿ ಹಣ ಸುರಿಯಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ. ಇಲಿಗಳ ಸುದ್ದಿ ಓದಿ ಆಮ್ಲಜನಕ ಕಡಿಮೆ ಮಾಡಿಕೊಳ್ಳುವ ಪ್ರಯೋಗಕ್ಕೂ ಇಳಿಯಬೇಡಿ. ಅದು ಪ್ರಾಣಕ್ಕೇ ಅಪಾಯ. ಗಿರಿಧಾಮಕ್ಕೆ ಹೋದರೆ ಆಗುತ್ತದೆಯೇ ಎಂದರೆ, ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಎವರೆಸ್ಟ್ ಬೇಸ್ ಕ್ಯಾಂಪ್ 5,300 ಮೀಟರ್ ದಾಟಿದ ಜಾಗ. ಮನಸ್ಸಿಗೆ ಹಿತವಾಗಲು ಹೋಗಿ ಬನ್ನಿ, ಚಿಕಿತ್ಸೆ ಎಂದುಕೊಂಡು ಬೇಡ.

ನಮ್ಮ ತೋಟ, ನಮ್ಮ ಪಂಪು

ಆಮ್ಲಜನಕದ ಸಂಶೋಧನೆ ಮುಂದೆ ಔಷಧಿಯಾಗಬಹುದು. ಅದಕ್ಕೆ ವರ್ಷಗಳು ಬೇಕು. ವಿಷವನ್ನು ಕಡಿಮೆ ಮಾಡುವುದು ಈ ಹಂಗಾಮಿನಲ್ಲೇ ಆಗುವ ಕೆಲಸ. ಪ್ಯಾರಾಕ್ವಾಟ್ ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಇಲ್ಲ. ಸ್ವಿಟ್ಜರ್ಲೆಂಡ್ 1989ರಲ್ಲೇ ಬಿಟ್ಟಿತು. ಬ್ರೆಜಿಲ್ 2020ರಲ್ಲಿ ನಿಷೇಧಿಸಿತು. ಆದರೆ ತನ್ನ ಹೊಲಕ್ಕೆ ಬೇಡವೆಂದ ಬ್ರಿಟನ್ ಅದನ್ನು ಹಡರ್ಸ್‌ಫೀಲ್ಡ್‌ನ ಕಾರ್ಖಾನೆಯಲ್ಲಿ ತಯಾರಿಸಿ ಬೇರೆ ದೇಶಗಳಿಗೆ ಕಳಿಸುತ್ತಾ ಬಂತು. ಇದು ಸರಿಯಲ್ಲ, ಒಪ್ಪಲು ಸಾಧ್ಯವೇ ಇಲ್ಲ. ನಮ್ಮ ನೆರೆಯ ಕೇರಳ 2011ರಲ್ಲಿ ತನ್ನಲ್ಲಿ ಮಾರಾಟ ನಿಲ್ಲಿಸಿತು. ಕರ್ನಾಟಕದಲ್ಲಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ.

ರೈತರನ್ನು ದೂರುವುದು ಸುಲಭ. ಅಡಿಕೆ ತೋಟಕ್ಕೆ, ಕಾಫಿ ಎಸ್ಟೇಟಿಗೆ ಆಳು ಸಿಗುವುದಿಲ್ಲ. ಮಳೆ ಬಿದ್ದ ಮೇಲೆ ಕಳೆ ಕಾಯುವುದಿಲ್ಲ. ಒಂದು ಕ್ಯಾನು ತಂದು ಹೊಡೆದರೆ ಎರಡು ದಿನದಲ್ಲಿ ಹುಲ್ಲು ಒಣಗಿ ನಿಲ್ಲುತ್ತದೆ. ಇದಕ್ಕೆ ಬದಲಿ ಎಂದರೆ ಕಳೆ ಕೊಚ್ಚುವ ಯಂತ್ರ, ತೋಟದಲ್ಲಿ ಹೊದಿಕೆ, ನಡುವೆ ದ್ವಿದಳ ಬೆಳೆ. ಯಂತ್ರಕ್ಕೆ ಸಹಾಯಧನ ಹೆಚ್ಚಿಸಿ, ಪಂಚಾಯಿತಿ ಮಟ್ಟದಲ್ಲಿ ಬಾಡಿಗೆಗೆ ಸಿಗುವಂತೆ ಮಾಡಿದರೆ ಕ್ಯಾನಿನ ಅವಸರ ಅರ್ಧಕ್ಕೆ ಇಳಿಯುತ್ತದೆ ಎಂದು ನನಗನ್ನಿಸುತ್ತದೆ. ಹಾಸನದ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿಗೆ ಹೊಡೆಯುವ ಮ್ಯಾಂಕೊಜೆಬ್, ರೈತರ ಬಾಯಲ್ಲಿ ಎಂ-45, ಕ್ಯಾಲಿಫೋರ್ನಿಯಾ ಅಧ್ಯಯನದ ಮಾನೆಬ್‌ನ ಹತ್ತಿರದ ಸಂಬಂಧಿ. ಎರಡರಲ್ಲೂ ಮ್ಯಾಂಗನೀಸ್ ಇದೆ. ಅದನ್ನೂ ಪ್ಯಾರಾಕ್ವಾಟನ್ನೂ ಒಂದೇ ಹಂಗಾಮಿನಲ್ಲಿ, ಬರಿಗೈಯಲ್ಲಿ ಕಲಸುವವರು ನಮ್ಮಲ್ಲಿ ಎಷ್ಟು ಮಂದಿ? ಅಂಗಿ ಬಿಚ್ಚಿ ಮೂಲೆಗೆ ಹಾಕಿದರೆ ಅದನ್ನು ತೊಳೆಯುವವರು ಮನೆಯ ಹೆಂಗಸರು. ಅವರ ಕೈಗೂ ಅದೇ ವಿಷ.

ಹೊಡೆಯಲೇಬೇಕಾದ ದಿನ ಕೆಲವು ಕೆಲಸ ತಪ್ಪಿಸಬಾರದು. ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಮುಖಕ್ಕೆ ಸರಿಯಾದ ಮಾಸ್ಕ್ ಬೇಕು. ಟವೆಲ್ ಸುತ್ತಿಕೊಂಡರೆ ಸಾಲದು, ಅದು ಒದ್ದೆಯಾಗಿ ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಸೋರುವ ಪಂಪು ಬೆನ್ನಿಗೆ ಬೇಡವೇ ಬೇಡ. ಬಾವಿಯ ಹತ್ತಿರ ಕಲಸಬಾರದು. ಖಾಲಿ ಕ್ಯಾನಿನಲ್ಲಿ ನೀರು, ಎಣ್ಣೆ ತುಂಬಿಡಬಾರದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೋಹ ತೊಳೆಯುವ ಕೆಲಸದಲ್ಲಿರುವವರು ಡ್ರಮ್ಮಿನ ಮೇಲೆ ಯಾವ ದ್ರಾವಕದ ಹೆಸರಿದೆ ಎಂದು ಓದಿ ನೋಡಲಿ. ಕೇಳುವ ಹಕ್ಕು ಅವರಿಗಿದೆ.

ಸರ್ಕಾರದ ಪಾಲಿನದ್ದು ಇನ್ನೊಂದಿದೆ. ಫ್ರಾನ್ಸ್ 2012ರಲ್ಲಿ, ಕೀಟನಾಶಕ ಬಳಸಿದ ಕೃಷಿಕರಿಗೆ ಬರುವ ಪಾರ್ಕಿನ್ಸನ್ ಅನ್ನು ಔದ್ಯೋಗಿಕ ಕಾಯಿಲೆ ಎಂದು ಒಪ್ಪಿ ಪರಿಹಾರಕ್ಕೆ ದಾರಿ ಮಾಡಿತು. ಜರ್ಮನಿಯ ತಜ್ಞರ ಸಮಿತಿ 2024ರಲ್ಲಿ ಅದನ್ನೇ ಶಿಫಾರಸು ಮಾಡಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಲ್ಲಿ ಎಂಡೋಸಲ್ಫಾನ್ ಸಂತ್ರಸ್ತರು ಪರಿಹಾರಕ್ಕಾಗಿ ಎಷ್ಟು ವರ್ಷ ಅಲೆದರು ಎಂದು ನಮಗೆ ಗೊತ್ತು. ಆ ಕಾಯಿಲೆಗಳು ಬೇರೆ, ಆದರೆ ದಾಖಲೆಯಿಲ್ಲದೆ ನ್ಯಾಯ ಕೇಳುವ ಸಂಕಟ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಯಾವ ಹೊಲಕ್ಕೆ ಯಾವ ವಿಷ ಎಷ್ಟು ಬಿತ್ತು ಎಂಬ ದಾಖಲೆ ಇತ್ತು, ಹಾಗಾಗಿ ರಿಟ್ಸ್ ತಂಡಕ್ಕೆ ಲೆಕ್ಕ ಹಾಕಲು ಆಯಿತು. ನಮ್ಮಲ್ಲಿ ಕೃಷಿ ಇಲಾಖೆ ತಾಲ್ಲೂಕುವಾರು ಮಾರಾಟದ ದಾಖಲೆಯನ್ನು ಜನರಿಗೆ ತೆರೆದಿಡಬೇಕು. ನಿಮ್ಹಾನ್ಸ್‌ನಿಂದ ತಾಲ್ಲೂಕು ಆಸ್ಪತ್ರೆಯವರೆಗೆ, ಪಾರ್ಕಿನ್ಸನ್ ಎಂದು ಬರೆಯುವ ಪ್ರತಿ ಚೀಟಿಯಲ್ಲೂ ಮೂರು ಪ್ರಶ್ನೆಗೆ ಜಾಗ ಇರಬೇಕು: ಯಾವ ಕೆಲಸ ಮಾಡಿದಿರಿ, ಯಾವ ಔಷಧಿ ಹೊಡೆದಿರಿ, ಯಾವ ನೀರು ಕುಡಿದಿರಿ.